ನಿಲ್ಲಿಸಿದ ಕಾರು ಮತ್ತು ಸಾಕ್ಷಿ

ಕಳೆದ ರಮಝಾನಿನ ಕೊನೆಯ ದಿನಗಳಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ, ದುರ್ಗದಬೈಲಿನ ಸಮೀಪ ಕಾರು ನಿಲ್ಲಿಸಿ, ಹಬ್ಬದ ಬಟ್ಟೆ ಖರೀದಿಸಲು ತೆರಳಿದ್ದೆವು. ಮರಳುವಷ್ಟರಲ್ಲಿ ಎಡಬಾಗಿಲ ಮೇಲೆ ಉದ್ದನೆಯ ಗೀರು. ಪಕ್ಕದಲ್ಲೇ ಹಣ್ಣಿನ ತಳ್ಳುಗಾಡಿಯ ಹುಡುಗ. “ಕಾರಿನಲ್ಲಿ ಕ್ಯಾಮೆರಾ ಇದೆ, ನಿಜ ಹೇಳು” ಎಂದೆವು. “ಇದ್ರ ನೋಡ್ರಿ ಚಾಚಾ, ನಾ ಅಲ್ರಿ” ಎಂದ.

ನೋಡಿದರೆ, ಆ ಹೊತ್ತಿನ ದೃಶ್ಯವೇ ಇಲ್ಲ! ಕಾರಿನೊಂದಿಗೇ ಬಂದ ಕ್ಯಾಮೆರಾ ಎಂಬ ನಮ್ಮ ನೆಚ್ಚಿಕೆಯನ್ನು ಮೆಕ್ಯಾನಿಕ್ ತಿದ್ದಿದರು. ಎಂಜಿನ್ ನಿಂತ ಮೇಲೆ ಅದಕ್ಕೆ ಬ್ಯಾಟರಿಯೇ ಆಧಾರ. ಚಾರ್ಜ್ ಕುಗ್ಗಿದರೆ, ಕಾರು ಮತ್ತೆ ಸ್ಟಾರ್ಟ್ ಆಗಬೇಕಲ್ಲ, ತಾನೇ ಆರಿಹೋಗುತ್ತದೆ. ಉಳಿದ ಸಮಯ ಅರೆನಿದ್ರೆ, ಜೋರಾದ ಕುಲುಕಿಗಷ್ಟೇ ಎಚ್ಚರ. ಮೆಲ್ಲನೆ ಉಜ್ಜಿಹೋದದ್ದು ಅದಕ್ಕೆ ತಿಳಿಯದು. ತಿಳಿದರೂ, ಮುಂದೆ ಹಿಂದೆ ಮಾತ್ರ ನೋಡುವ ನಮ್ಮ ಕ್ಯಾಮೆರಾಗಳಿಗೆ ಪಕ್ಕದ ಬಾಗಿಲು ಕಾಣದು.

ಅಂದರೆ ಇಲ್ಲದ ಸಾಕ್ಷಿಯನ್ನು ತೋರಿಸಿ ಒಬ್ಬ ಹುಡುಗನನ್ನು ಬೆದರಿಸಿದ್ದೆವು, ಅದೂ ಉಪವಾಸದಲ್ಲಿ. ಗುಮಾನಿಯಿಂದ ದೂರವಿರಬೇಕೆಂಬ ಅಲ್‌ಹುಜುರಾತ್ ಅಧ್ಯಾಯದ ಆದೇಶವನ್ನು ಮನೆಯ ಮಕ್ಕಳಿಗೆ ಓದಿಸಿದವರೂ ನಾವೇ.

ಮರುದಿನ ಇಫ್ತಾರಿಗೆ ಮುನ್ನ ಮತ್ತೆ ಅಲ್ಲಿಗೆ ಹೋಗಿ ಕ್ಷಮೆ ಕೇಳಿದೆವು. ಹುಡುಗ ಏನೂ ಅನ್ನಲಿಲ್ಲ. ಕಾರಿನ ಮುಂಗಾಜಿನತ್ತ ಒಮ್ಮೆ ನೋಡಿ, ಕಲ್ಲಂಗಡಿ ತೂಗತೊಡಗಿದ.