ಹದಿನೈದು ಸೆಕೆಂಡಿನ ಕಂಪ್ಯೂಟರ್

ಜಾಲಹಳ್ಳಿಯಲ್ಲಿ ನನ್ನ ವಯಸ್ಸಿನವರನ್ನು ಮಾತಾಡಿಸಿ ನೋಡಿ, ಎಚ್‌ಎಂಟಿ ಇಲ್ಲವೇ ಬಿಇಎಲ್ ಹೆಸರು ಬಾರದೆ ಮಾತು ಮುಗಿಯುವುದಿಲ್ಲ. 1953ರಲ್ಲಿ ಎಚ್‌ಎಂಟಿ, ಮರುವರ್ಷ ಬಿಇಎಲ್ ಇಲ್ಲಿ ಶುರುವಾದವು. ನಾನು ಎಚ್‌ಎಂಟಿಯ ಮೇಂಟೆನೆನ್ಸ್ ವಿಭಾಗದಲ್ಲಿದ್ದವನು. ನಿಂತುಹೋದ ಲೇತನ್ನು ಮತ್ತೆ ತಿರುಗುವಂತೆ ಮಾಡುವುದು ಕೆಲಸ. ನಿವೃತ್ತನಾಗಿ ಎಷ್ಟೋ ವರ್ಷವಾದರೂ ಮಿಕ್ಸಿ ಕೆಟ್ಟರೆ, ಫ್ಯಾನು ಸದ್ದು ಮಾಡಿದರೆ ಮನೆಯವರೆಲ್ಲ ನನ್ನ ಮುಖವನ್ನೇ ನೋಡುತ್ತಾರೆ. ಕಂಪ್ಯೂಟರ್ ಮಾತ್ರ ಏಳನೇ ತರಗತಿ ಓದುವ ಮೊಮ್ಮಗಳ ಇಲಾಖೆ.

ಹೋದ ಬೇಸಿಗೆ ರಜೆಯಲ್ಲಿ ಆ ಕಂಪ್ಯೂಟರಿಗೆ ದೊಡ್ಡ ಜವಾಬ್ದಾರಿ ಬಿತ್ತು. ನನ್ನ ಮನೆಯಾಕೆ ಮಾಗಡಿ ಕಡೆಯವಳು. ಸೋಬಾನೆ ಪದ, ರಾಗಿ ಬೀಸುವ ಪದ ಎಷ್ಟು ಬರುತ್ತಿದ್ದವೋ ಲೆಕ್ಕವಿಲ್ಲ. ಎರಡು ವರ್ಷದಿಂದ ಅವಳಿಗೆ ಮರೆವು. ಬೆಳಗಿನ ಕಾಫಿ ಆದಮೇಲೆ ಒಂದು ಗಂಟೆ ಮನಸ್ಸು ತಿಳಿಯಾಗಿರುತ್ತದೆ. ಆಗ ಹಾಡುತ್ತಾಳೆ, ಮೊಮ್ಮಗಳು ಪಕ್ಕದಲ್ಲಿ ಕೂತು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾಳೆ. ಫೋನಿನಲ್ಲಿ ರೆಕಾರ್ಡ್ ಮಾಡಬಾರದೇ ಎಂದು ನೀವು ಕೇಳಬಹುದು. ಫೋನನ್ನು ಎದುರಿಗೆ ಹಿಡಿದರೆ ಅವಳು ಬಾಯಿ ಬಿಡುವುದಿಲ್ಲ! ಪರದೆಯ ಮೇಲೆ ಅಕ್ಷರ ಒಂದೊಂದಾಗಿ ಮೂಡುವುದನ್ನು ನೋಡುವುದೆಂದರೆ ಮಾತ್ರ ಬಲು ಖುಷಿ.

ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಅಷ್ಟು ಸಲೀಸು. ಕನ್ನಡದ ನಲವತ್ತೊಂಬತ್ತು ಅಕ್ಷರ, ಕಾಗುಣಿತ, ಒತ್ತು ಎಲ್ಲವೂ ಇಂಗ್ಲಿಷ್ ಕೀಬೋರ್ಡಿನ ಇಪ್ಪತ್ತಾರು ಅಕ್ಷರದ ಕೀಲಿಗಳಲ್ಲಿ ಅಡಗುತ್ತವೆ. ‘ಎ, ಕೆ, ಎಫ್, ಕೆ’ ಒತ್ತಿದರೆ ‘ಅಕ್ಕ’ ಬರುತ್ತದೆ. ಮೊಮ್ಮಗಳ ಬೆರಳು ಅಜ್ಜಿಯ ದನಿಯ ಹಿಂದೆಯೇ ಓಡುತ್ತಿತ್ತು.

ಇಪ್ಪತ್ತಮೂರು ಹಾಡು ಆಗಿದ್ದವು. ಒಂದು ಬೆಳಿಗ್ಗೆ ಹಾಡಿನ ನಡುವೆಯೇ ಕೀಬೋರ್ಡ್ ಸುಮ್ಮನಾಯಿತು. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದರೆ ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ: ಯುಎಸ್‌ಬಿಯಲ್ಲಿ ಕರೆಂಟ್ ಮಿತಿ ಮೀರಿದೆ, ಹದಿನೈದು ಸೆಕೆಂಡಿನಲ್ಲಿ ಯಂತ್ರ ತಾನಾಗಿಯೇ ನಿಲ್ಲುತ್ತದೆ. ನಿಂತೇಬಿಟ್ಟಿತು. ಮತ್ತೆ ಹಾಕಿದರೂ ಅದೇ.

“ತಾತ, ಅಜ್ಜಿ ಹಾಡೆಲ್ಲ ಇದರೊಳಗೇ ಇದೆ” ಎಂದಳು. ಗಂಟಲು ಕಟ್ಟಿತ್ತು.

ಗುರುತಿನ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. “ಮದರ್‌ಬೋರ್ಡ್ ಹೋಗಿದೆ ಸಾರ್, ಹೊಸದೇ ತಗೊಳ್ಳಿ” ಎಂದರು. ನೋಡದೆಯೇ! ರೋಗಿಯ ಮುಖ ಕಾಣದೆ ಔಷಧಿ ಬರೆಯುವ ವೈದ್ಯರನ್ನು ನಾನು ನಂಬುವುದಿಲ್ಲ.

“ಪುಟ್ಟಿ, ನೀನು ನೋಟ್‌ಬುಕ್ ತಗೊಂಡು ಅಜ್ಜಿ ಹತ್ರ ಹೋಗು. ಗಂಟೆ ಕಳೆದ್ರೆ ಹಾಡು ಸಿಗಲ್ಲ. ಇದನ್ನ ನಾನು ನೋಡ್ತೀನಿ” ಎಂದೆ.

ಕಾರ್ಖಾನೆಯಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿಯ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸು. ಎರಡನ್ನು ಬದಲಾಯಿಸಿದರೆ ಯಾವುದರಿಂದ ಸರಿಹೋಯಿತೋ ಗೊತ್ತಾಗುವುದಿಲ್ಲ. ಕೀಬೋರ್ಡನ್ನು ಪಕ್ಕದ ಮನೆಯ ಕಂಪ್ಯೂಟರಿಗೆ ಚುಚ್ಚಿದೆ. ನಮ್ ಲಾಕ್ ಒತ್ತಿದ ಕೂಡಲೇ ದೀಪ ಹತ್ತಿತು, ಅಕ್ಷರಗಳೂ ಬಂದವು. ಅಲ್ಲಿಗೆ ಕೀಬೋರ್ಡೂ ಅದರ ವೈರೂ ನಿರಪರಾಧಿಗಳು. ವಾಪಸ್ ಬಂದು ನಮ್ಮ ಡಬ್ಬದಿಂದ ಮೌಸ್, ಪ್ರಿಂಟರ್ ಎಲ್ಲ ಕಿತ್ತು, ಬರಿಮೈಯಲ್ಲಿ ಚಾಲೂ ಮಾಡಿದೆ. ಮತ್ತೆ ಅದೇ ಹದಿನೈದು ಸೆಕೆಂಡು. ಏನನ್ನೂ ಚುಚ್ಚದಿದ್ದರೂ ಕರೆಂಟ್ ಮಿತಿ ಮೀರುತ್ತಿದೆ ಎಂದರೆ ತಂಟೆ ಪೋರ್ಟ್‌ಗಳಲ್ಲೇ ಇರಬೇಕು.

ಯುಎಸ್‌ಬಿ ಪೋರ್ಟ್ ಎಂದರೆ ಒಂದು ಪುಟ್ಟ ಪ್ಲಾಸ್ಟಿಕ್ ನಾಲಿಗೆ, ಅದರ ಮೇಲೆ ಲೋಹದ ನಾಲ್ಕು ಪಟ್ಟಿ. ಅಂಚಿನ ಎರಡರಲ್ಲಿ 5 ವೋಲ್ಟ್ ವಿದ್ಯುತ್ ಹೋಗಿಬರುತ್ತದೆ, ನಡುವಿನ ಎರಡರಲ್ಲಿ ಸಂದೇಶ. ಯುಎಸ್‌ಬಿ 2.0 ಪೋರ್ಟ್‌ನಿಂದ ಒಂದು ಸಾಧನ ಪಡೆಯಬಹುದಾದದ್ದು 500 ಮಿಲಿಆಂಪಿಯರ್. ಕೀಬೋರ್ಡಿಗೆ ಅದು ಧಾರಾಳ. ಟಾರ್ಚ್ ಹಿಡಿದು ಬಗ್ಗಿ ನೋಡಿದೆ. ಮುಂಭಾಗದ ಪೋರ್ಟೊಂದರಲ್ಲಿ ಅಂಚಿನ ಪಟ್ಟಿ ಎದ್ದು, ಬಾಗಿ, ಹೊರಗಿನ ತಗಡಿಗೆ ತಾಗಿಕೊಂಡಿತ್ತು. ಶಾರ್ಟ್ ಸರ್ಕ್ಯೂಟ್! ಇಡೀ ಬೋರ್ಡು ಸುಡದಿರಲೆಂದು ಯಂತ್ರ ತಾನೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಹೆದರಿಸಿದ್ದು ನಿಜ, ಆದರೆ ನಮ್ಮನ್ನು ಉಳಿಸಿದ್ದೂ ಅದೇ.

ಯಾರೋ ಪೆನ್‌ಡ್ರೈವನ್ನು ತಲೆಕೆಳಗಾಗಿ ತುರುಕಿರಬೇಕು. ಮನೆಗೆ ಹತ್ತು ಜನ ಮಕ್ಕಳು ಬಂದುಹೋಗುತ್ತಾರೆ, ವಿಚಾರಣೆ ನಡೆಸಲಿಲ್ಲ. ಆ ಚಪ್ಪಟೆ ಪ್ಲಗ್ಗು ಹೊರಗಿನಿಂದ ಎರಡು ಕಡೆಯೂ ಒಂದೇ ಥರ ಕಾಣುತ್ತದೆ ತಾನೆ? 1996ರಲ್ಲಿ ಬಂದ ಯುಎಸ್‌ಬಿಯನ್ನು ರೂಪಿಸಿದ ಇಂಟೆಲ್ ತಂಡದ ಮುಂದಾಳು ನಮ್ಮ ದೇಶದ ವಡೋದರಾದಲ್ಲಿ ಹುಟ್ಟಿದ ಅಜಯ್ ಭಟ್. ಯಾವ ಕಡೆಯಿಂದಲಾದರೂ ಚುಚ್ಚುವಂತೆ ಮಾಡಿದ್ದರೆ ವೈರುಗಳೂ ಖರ್ಚೂ ಎರಡರಷ್ಟಾಗುತ್ತಿದ್ದವು ಎಂದು ಅವರೇ ಹೇಳಿದ್ದಾರೆ. ಈಗಿನ ಫೋನುಗಳಲ್ಲಿರುವ ಸಿ ಮಾದರಿಗೆ ಆ ತಾಪತ್ರಯವಿಲ್ಲ.

ಮಕ್ಕಳೇ, ಮುಂದಿನದನ್ನು ದೊಡ್ಡವರು ಜೊತೆಗಿಲ್ಲದೆ ಮಾಡಬೇಡಿ. ಮೊದಲು ಗೋಡೆಯ ಪ್ಲಗ್ ಕಿತ್ತೆ. ಪೋರ್ಟ್‌ನೊಳಗೆ ಪಿನ್ನು, ಸೂಜಿ ಹಾಕಲು ಹೋಗಲಿಲ್ಲ. ಪಕ್ಕದ ಮುಚ್ಚಳ ತೆಗೆದರೆ ಒಳಗೆ ಸುಣ್ಣದ ಪುಡಿಯಂಥ ಧೂಳು. ಬ್ರಷ್ಷಿನಿಂದ ಮೆಲ್ಲಗೆ ಒರೆಸಿದೆ. ಹಿಂದಿನ ಪೋರ್ಟ್‌ಗಳು ಮದರ್‌ಬೋರ್ಡಿಗೇ ಬೆಸೆದಿರುತ್ತವೆ. ಮುಂದಿನವು ಹಾಗಲ್ಲ, ಒಂದು ವೈರಿನಿಂದ ಬೋರ್ಡಿಗೆ ಸೇರಿರುತ್ತವೆ. ಆ ವೈರಿನ ತುದಿಯನ್ನು ಬೋರ್ಡಿನಿಂದ ಹುಷಾರಾಗಿ ಎಳೆದು ಬಿಡಿಸಿದೆ. ಮುಚ್ಚಳ ಹಾಕಿ, ಕೀಬೋರ್ಡನ್ನು ಹಿಂದಕ್ಕೆ ಚುಚ್ಚಿ, ಸ್ವಿಚ್ ಒತ್ತಿದೆ.

ಹದಿನೈದು ಎಣಿಸಿದೆ. ಇಪ್ಪತ್ತಾಯಿತು. ನಮ್ ಲಾಕ್ ದೀಪ ಹಸಿರಾಗಿ ಹತ್ತಿಯೇ ಇತ್ತು.

ಖರ್ಚು ಸೊನ್ನೆ. ಮುಂದಿನ ಎರಡು ಪೋರ್ಟ್‌ಗಳ ಬಾಯಿಗೆ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದೇವೆ. ಮೊಮ್ಮಗಳು ಅದರ ಮೇಲೆ ‘ರಜೆ’ ಎಂದು ಬರೆದಿದ್ದಾಳೆ. ಅವತ್ತೇ ಅವಳು ಮಾಡಿದ ಮೊದಲ ಕೆಲಸ, ಇಪ್ಪತ್ತಮೂರು ಹಾಡುಗಳನ್ನೂ ಅವಳಪ್ಪನ ಮೇಲ್‌ಗೆ ಕಳಿಸಿದ್ದು. ಆಮೇಲೆ ನೋಟ್‌ಬುಕ್ ತೆಗೆದು ಇಪ್ಪತ್ತನಾಲ್ಕನೆಯದನ್ನು ಟೈಪ್ ಮಾಡಲು ಕೂತಳು. ಪೆನ್ಸಿಲ್ಲು ಅಜ್ಜಿಯ ವೇಗಕ್ಕೆ ಓಡದೆ ಒಂದು ಸಾಲು ಅರ್ಧಕ್ಕೇ ನಿಂತಿತ್ತು. ಎಷ್ಟು ಬೆಳಿಗ್ಗೆ ಕೇಳಿದರೂ ಅವಳಿಗೆ ಆ ಸಾಲು ಬರಲಿಲ್ಲ. ಅಲ್ಲಿ ಚುಕ್ಕಿ ಇಟ್ಟು ಜಾಗ ಬಿಟ್ಟಿದ್ದೇವೆ. ಮಾಗಡಿಯಲ್ಲಿ ಅವಳ ತಂಗಿ ಇದ್ದಾಳೆ; ಈ ಭಾನುವಾರ ಹೋಗಿ ಕೇಳಬೇಕು.