ಕೌದಿಯೊಳಗಿನ ಒಕ್ಕಲು

ಮೇಲಿನ ಮನೆಯ ಅಕ್ಕಾರಿಗೆ ಬೆಳಗಾಯಿತೆಂದರೆ ಕೌದಿ ಝಾಡಿಸುವ ಹೊತ್ತಾಯಿತು. ಬಾಗಲಕೋಟೆಯ ನವನಗರ ಕಟ್ಟಿದವರು ಊರನ್ನು ಸೆಕ್ಟರುಗಳಾಗಿ ಹಂಚಿದರು, ರಸ್ತೆಗಳಿಗೆ ಅಗಲ ಕೊಟ್ಟರು. ಒಬ್ಬರ ಮಾಳಿಗೆಯಿಂದ ಇನ್ನೊಬ್ಬರ ಅಂಗಳಕ್ಕೆ ಇಳಿಯುವ ಧೂಳಿಗೆ ಮಾತ್ರ ಯಾವ ನಿಯಮವನ್ನೂ ಮಾಡಲಿಲ್ಲ. ಇವತ್ತು ಅಂಗಳದಲ್ಲಿ ಚಹಾ ಹಿಡಿದು ಕೂತಿದ್ದೆ. ಬಿಸಿಲು ಓರೆಯಾಗಿ ಬೀಳುತ್ತಿತ್ತು. ಮೇಲಿಂದ ಪಟ್ ಪಟ್ ಸದ್ದು. ಅದರ ಬೆನ್ನಿಗೇ ಬಿಸಿಲಿನ ಕೋಲಿನಗುಂಟ ನಿಧಾನಕ್ಕೆ ಇಳಿದು ಬಂದ ಬೂದುಬಣ್ಣದ ಪುಡಿ. ಬಿಸಿಲಿರದಿದ್ದರೆ ಕಾಣುತ್ತಿರಲಿಲ್ಲ, ಕಾಣದಿದ್ದರೆ ಕುಡಿದುಬಿಡುತ್ತಿದ್ದೆ.

"ಅಕ್ಕಾರ, ಕೆಳಗ ಮಂದಿ ಅದೇವ್ರಿ" ಎಂದೆ.

"ಹಂಗಾರ ಒಂದೀಟ ಒಳಗ ಸರಕೋರಿ" ಎಂದು ಉತ್ತರ ಬಂತು.

ಆ ಉತ್ತರದಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕುವಷ್ಟರಲ್ಲಿ ಸೀನು ಬಂತು.

ನಮ್ಮ ಮನೆಯಲ್ಲಿ ಸೀನು ಬರೀ ಮೂಗಿನ ವಿಷಯವಲ್ಲ, ಪ್ರಯಾಣದ ವಿಷಯ. ಇವತ್ತು ಹುನಗುಂದದಲ್ಲಿ ಒಂದು ನಿಶ್ಚಿತಾರ್ಥ. ಹೊರಡುವ ಹೊತ್ತಿಗೆ ಒಂಟಿ ಸೀನಾದರೆ ಕೂತು, ನೀರು ಕುಡಿದು, ಆಮೇಲೆ ಏಳಬೇಕು. ಜೋಡಿ ಸೀನಾದರೆ ಅಡ್ಡಿಯಿಲ್ಲ. ಈ ಶಾಸ್ತ್ರ ಬರೆದ ಪುಣ್ಯಾತ್ಮನಿಗೆ ಅಲರ್ಜಿ ಇರಲಿಲ್ಲ. ನನ್ನ ಸೀನುಗಳು ಸಾಲುಗಟ್ಟಿ ಬರುವಂಥವು. ಅವ್ವ ಒಳಗಿನಿಂದಲೇ ಎಣಿಸುತ್ತಾಳೆ: ಒಂಟಿ, ಜೋಡಿ, ಒಂಟಿ, ಜೋಡಿ. ಅದಕ್ಕೆ ಸರಿಯಾಗಿ ಹೆಂಡತಿ ಚಪ್ಪಲಿ ಮೆಟ್ಟುತ್ತಾಳೆ, ಬಿಡುತ್ತಾಳೆ, ಮತ್ತೆ ಮೆಟ್ಟುತ್ತಾಳೆ. ಕಡೆಯ ಸೀನು ಯಾವುದೆಂದು ಸೀನುವವನಿಗೇ ತಿಳಿಯದ್ದರಿಂದ ನಾವು ಯಾವ ಮದುವೆಗೂ ಅಕ್ಷತೆಯ ಹೊತ್ತಿಗೆ ಮುಟ್ಟಿದವರಲ್ಲ. ಊಟದ ಪಂಕ್ತಿ ಮಾತ್ರ ತಪ್ಪಿಸಿಕೊಂಡಿಲ್ಲ.

ಇದಕ್ಕೆಲ್ಲ ಕಾರಣವಾದ ಪ್ರಾಣಿಯನ್ನು ನಾನು ಚಿತ್ರದಲ್ಲಷ್ಟೇ ನೋಡಿದ್ದೇನೆ. ಧೂಳಿನ ನುಸಿ. ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ಉದ್ದ, ಎಂಟು ಕಾಲು, ಕಣ್ಣಿಲ್ಲ. ಜೇಡ, ಉಣ್ಣಿಗಳ ಬಳಗದ್ದು. ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ತಿಗಣೆಯ ಕೆಟ್ಟ ಹೆಸರನ್ನು ಇದಕ್ಕೆ ಹಚ್ಚುವುದು ಅನ್ಯಾಯ. ನಮ್ಮ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟನ್ನು ತಿಂದು ಬದುಕುವ ಬಡಪಾಯಿ. ತಕರಾರು ಇರುವುದು ಅದರ ಹಿಕ್ಕೆಯದು. ಊಟ ಅರಗಿಸಲು ಬೇಕಾದ ಕಿಣ್ವಗಳು ಹಿಕ್ಕೆಯಲ್ಲೂ ಉಳಿದಿರುತ್ತವೆ. ಅದು ಪುಡಿಯಾಗಿ ಉಸಿರಿನ ಜೊತೆ ಒಳಗೆ ಹೋದರೆ ಕೆಲವರ ಮೈ ಯಾವುದೋ ದಂಡು ಕೋಟೆಗೆ ನುಗ್ಗಿತೆಂದು ತಿಳಿದು ಬಾಗಿಲುಗಳನ್ನೆಲ್ಲ ಮುಚ್ಚಿಕೊಳ್ಳುತ್ತದೆ. ಮುಚ್ಚುವುದು ಶ್ವಾಸನಾಳ, ಕಷ್ಟ ನಮ್ಮದು. ಮನೆಯ ಧೂಳಿನಲ್ಲಿ ತೊಂದರೆ ಕೊಡುತ್ತಿರುವುದು ಈ ನುಸಿಯೇ ಎಂದು 1964ರಲ್ಲಿ ಬೊಟ್ಟು ಮಾಡಿ ತೋರಿಸಿದವರು ನೆದರ್ಲೆಂಡ್ಸಿನ ಲೈಡನ್ನಿನ ವೂರ್‌ಹಾರ್ಸ್ಟ್, ಸ್ಪೀಕ್ಸ್‌ಮಾ ಮತ್ತವರ ಸಂಗಡಿಗರು. ಅಲ್ಲಿಯವರೆಗೆ ಜನ ಸಾರಾಸಗಟಾಗಿ ಧೂಳನ್ನು ಬೈಯುತ್ತಿದ್ದರು. ಹೆಸರು ಹಿಡಿದು ಬೈಯುವ ಸುಖ ಆಮೇಲಿನದು.

ಡಚ್ಚರಿಗೆ ನುಸಿ ಸಿಕ್ಕಿದ್ದು ಸಹಜವೇ. ಅದು ನೀರು ಕುಡಿಯುವುದಿಲ್ಲ, ಗಾಳಿಯಲ್ಲಿನ ತೇವವನ್ನೇ ಹೀರಿಕೊಳ್ಳುತ್ತದೆ. ಸಮುದ್ರಕ್ಕೆ ಒಡ್ಡು ಕಟ್ಟಿ ಅದರ ಮಗ್ಗುಲಲ್ಲೇ ಮಲಗುವವರ ಹಾಸಿಗೆಯಲ್ಲಿ ತೇವಕ್ಕೇನು ಬರ? ನಮ್ಮದು ಹಾಗಲ್ಲ. ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆ ಬಂದರೆ ಹಬ್ಬ ಮಾಡುವ ಸೀಮೆ. ಗಾಳಿಯ ತೇವ ಅರ್ಧಕ್ಕಿಂತ ಕೆಳಗಿಳಿದು ಹಾಗೇ ನಿಂತರೆ ನುಸಿ ಒಣಗಿ ಸಾಯುತ್ತದೆ ಎನ್ನುತ್ತದೆ ಪುಸ್ತಕ. ಆ ಲೆಕ್ಕದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಬಾಗಲಕೋಟೆ ಜಿಲ್ಲೆಯ ನುಸಿಗಳ ವಂಶವೇ ಅಳಿಯಬೇಕಿತ್ತು. ಆದರೆ ಅವು ಗಾದಿಯ ಆಳಕ್ಕೆ ಇಳಿಯುತ್ತವೆ. ರಾತ್ರಿಯೆಲ್ಲ ಬೆವರುತ್ತ, ಉಸಿರು ಬಿಡುತ್ತ ಮೇಲಿನಿಂದ ಅವಕ್ಕೆ ನೀರುಣಿಸುವವನು ನಾನೇ. ಅಷ್ಟೂ ಮೀರಿ ಸತ್ತರೆ ಹಿಕ್ಕೆಯನ್ನು ಆಸ್ತಿಯಾಗಿ ಬಿಟ್ಟು ಸಾಯುತ್ತವೆ. ಇನ್ನು ಆಲಮಟ್ಟಿಯ ಹಿನ್ನೀರು ಬಂದು, ಹಳೇ ಊರಿನ ಓಣಿಗಳು ಮುಳುಗಿ, ನಾವು ಗಾದಿ ಗಂಟು ಹೊತ್ತು ಇಲ್ಲಿಗೆ ಬಂದೆವಲ್ಲ, ಆ ಯೋಜನೆಯ ಫಲಾನುಭವಿಗಳ ಪಟ್ಟಿಯಲ್ಲಿ ನುಸಿಯದೂ ಒಂದು ಹೆಸರಿರಬೇಕು ಎಂಬುದು ನನ್ನ ಗುಮಾನಿ. ಪರಿಹಾರದ ಕಾಗದ ಹಿಡಿದು ಕಚೇರಿಗೆ ಅಲೆಯದೆ ಪುನರ್ವಸತಿ ಪಡೆದವು ಅವು ಮಾತ್ರ.

ಡಾಕ್ಟರು ಹೇಳಿದ್ದು ಎಲ್ಲರಿಗೂ ಗೊತ್ತಿರುವ ಮಾತೇ. ಗಾದಿಗೂ ತಲೆದಿಂಬಿಗೂ ಒತ್ತು ನೇಯ್ಗೆಯ ಗವಸು, ಹಾಸು ಹೊದಿಕೆಗೆ ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರು, ಕಸಬರಿಗೆಯ ಬದಲು ಒದ್ದೆ ಬಟ್ಟೆ, ದಮ್ಮಿನ ಪಂಪ್ ತಪ್ಪಿಸಬಾರದು, ಊದುಬತ್ತಿ, ಸೊಳ್ಳೆ ಬತ್ತಿಯ ಹೊಗೆಯಿಂದ ದೂರ. ಎಲ್ಲಕ್ಕೂ ತಲೆಯಾಡಿಸಿದೆ. ಕೊನೆಗೆ ಅವರು ಪೆನ್ನಿನ ಮುಚ್ಚಳ ಹಾಕುತ್ತ, "ಮನ್ಯಾಗ ಕೌದಿ ಅದಾವೇನ್ರಿ?" ಎಂದರು.

"ಅದಾವ್ರಿ."

"ತಗದ ಬಿಡ್ರಿ."

ತೆಗೆದುಬಿಡುವುದಂತೆ! ಇಲ್ಲಿಂದ ಮುಂದೆ ನನಗೆ ವೈದ್ಯಶಾಸ್ತ್ರದ ಮೇಲಿನ ಗೌರವ ಸ್ವಲ್ಪ ಸಡಿಲಾಯಿತು. ಕೌದಿ ಅಂಗಡಿಯಲ್ಲಿ ಕೊಳ್ಳುವ ಹೊದಿಕೆಯಲ್ಲ. ನಮ್ಮ ಮನೆಯ ದೊಡ್ಡ ಕೌದಿಯ ಮೇಲ್ಪದರದಲ್ಲಿ ಅಪ್ಪನ ಶಾಲೆಯ ಅಂಗಿಯಿದೆ, ಅತ್ತೆಯಂದಿರ ಪರಕಾರಗಳಿವೆ, ಗುಳೇದಗುಡ್ಡದ ಖಣದ ಚೌಕಗಳಿವೆ. ಒಳಗೆ ಪದರಿನ ಮೇಲೆ ಪದರು ಆಯಿಯ ಇಳಕಲ್ ಸೀರೆಗಳು. ಇಳಕಲ್ ಸೀರೆಯ ಒಡಲೇ ಬೇರೆ, ಸೆರಗೇ ಬೇರೆ. ಎರಡರ ಎಳೆಗಳನ್ನೂ ಮಗ್ಗಕ್ಕೆ ಏರಿಸುವಾಗ ಕೊಂಡಿ ಹಾಕಿ ಕೂಡಿಸುತ್ತಾರೆ. ಹಾಗೆ ಒಂದೊಂದೇ ಎಳೆ ಕೂಡಿಸಿ ನೇಯ್ದದ್ದನ್ನು ಆಯಿ ಉಟ್ಟು ಹಳತು ಮಾಡಿ, ಹರಿದು, ಮತ್ತೆ ಸೂಜಿ ಹಿಡಿದು ಕೂಡಿಸಿದ್ದಾಳೆ. ಗೋಮಿ ದಡಿ, ಪರಾಸಪೇಟಿ ದಡಿ ಕೌದಿಯ ಅಂಚಿನಲ್ಲಿ ಈಗಲೂ ಇಣುಕುತ್ತವೆ. ಅದರ ಮೇಲೆ ಅಪ್ಪ ಉರುಳಾಡಿದ, ಕಾಕಾ ಉರುಳಾಡಿದ, ನಾನು ಉಚ್ಚೆ ಹೊಯ್ದೆ.

ಈಗ ವಿಚಾರ ಮಾಡಿ. ಇಷ್ಟು ಜನರ ಚರ್ಮ ಉಂಡು ಬೆಳೆದ ಜೀವ ನಮ್ಮ ಮನೆತನಕ್ಕೆ ಹೊರಗಿನದು ಹೇಗಾದೀತು? ನುಸಿಯ ಆಯುಷ್ಯ ಎರಡು ಮೂರು ತಿಂಗಳು. ನಮ್ಮದು ಮೂರು ತಲೆಮಾರು ಕಳೆಯುವಷ್ಟರಲ್ಲಿ ಅವುಗಳದು ನೂರಾರು ಕಳೆದಿವೆ. ಆಯಿಯ ಮುಖ ನನಗೆ ಮಸುಕಾಗುತ್ತ ಬಂದಿದೆ; ಅವಳನ್ನು ಕಣಕಣವಾಗಿ ಬಲ್ಲವು ಕೌದಿಯೊಳಗಿನ ಒಕ್ಕಲೇ. 1974ರಲ್ಲಿ ಉಳುವವನೇ ಒಡೆಯ ಎಂದು ಕಾಯ್ದೆ ಬಂದಾಗ ಇವಕ್ಕೂ ಏಳನೇ ನಮೂನೆಯ ಅರ್ಜಿ ಬರೆಸಲು ತಿಳಿದಿದ್ದರೆ ಕೌದಿಯ ಉತಾರದಲ್ಲಿ ನನ್ನ ಹೆಸರೇ ಉಳಿಯುತ್ತಿರಲಿಲ್ಲ. ಈಗಲೂ ಸ್ವಾಧೀನ ಅವುಗಳದೇ. ನಾನು ರಾತ್ರಿ ಹೋಗಿ ಪಾಲು ಕೊಟ್ಟು ಬರುವವನು.

ಹಾಗೆ ನೋಡಿದರೆ ಡಾಕ್ಟರ 60 ಡಿಗ್ರಿಯೂ ನಮ್ಮವರಿಗೆ ಹೊಸದೇನಲ್ಲ. ಮಡಿವಾಳರ ಉಬ್ಬೆಯಲ್ಲಿ ಹಬೆಗೆ ಬೆಂದ ಬಟ್ಟೆಯಲ್ಲಿ ಯಾವ ನುಸಿ ಬದುಕೀತು? ಮಾನವಮಿ ಹಬ್ಬ ಬರುವ ಮೊದಲು ಓಣಿಯ ಹೆಂಗಸರೆಲ್ಲ ಕೌದಿ, ಜಮಖಾನ, ಕಂಬಳಿಗಳನ್ನು ಚಕ್ಕಡಿಗೆ ಹೇರಿಕೊಂಡು ಘಟಪ್ರಭೆಯ ದಂಡೆಗೆ ಇಳಿಯುತ್ತಿದ್ದರು. ಸವಳಿನಲ್ಲಿ ನೆನೆಸಿ, ಬಂಡೆಗೆ ಬಡಿದು, ಹೊಳೆದಂಡೆಯ ಬಿಸಿಲಿಗೆ ಹರವುತ್ತಿದ್ದರು. ಬೇಸಿಗೆ ಬಂತೆಂದರೆ ಮನೆಮಂದಿಯೆಲ್ಲ ಹಾಸಿಗೆ ಸುತ್ತಿಕೊಂಡು ಮಾಳಿಗೆ ಏರುತ್ತಿದ್ದರು. ಒಳಕೋಣೆಯ ನುಸಿಗೆ ತಿಂಗಳುಗಟ್ಟಲೆ ಉಪವಾಸ. ಈಗ ಹೊಳೆಯೇ ಊರೊಳಗೆ ಬಂದಿದೆ, ಒಗೆಯುವ ಬಂಡೆ ನೀರಿನ ಕೆಳಗಿದೆ. ನಮ್ಮ ವಾಷಿಂಗ್ ಮಷೀನಿಗೆ ಒಮ್ಮೆ ಕೌದಿ ಹಾಕಿದ್ದೆವು. ಅದು ನೀರು ಕುಡಿದ ಕೌದಿಯ ಭಾರಕ್ಕೆ ನಡುಗುತ್ತ ಬಚ್ಚಲಿನಿಂದ ಅಡುಗೆಮನೆಯವರೆಗೆ ತಾನೇ ನಡೆದುಕೊಂಡು ಬಂತು.

ಇಷ್ಟು ಒಗೆದು ಒಣಗಿಸಿದರೂ ಆಯಿಗೆ ದಮ್ಮು ಇತ್ತು ಎಂಬುದು ನನ್ನ ವಾದಕ್ಕೆ ಚೂರು ತೊಡಕು. ಅವಳು ಮಲಗಿದ್ದನ್ನು ನಾನು ಕಂಡದ್ದು ಕಡಿಮೆ. ಪಡಸಾಲೆಯ ಕಂಬಕ್ಕೆ ಲೋಡು ಆನಿಸಿ, ಎರಡೂ ಕೈ ಮೊಣಕಾಲ ಮೇಲೆ ಊರಿ, ಮುಂದಕ್ಕೆ ಬಾಗಿ ಕೂತಿರುತ್ತಿದ್ದಳು. "ಅಡ್ಡಾದ್ರ ಎದಿ ಮ್ಯಾಲ ಯಾರೋ ಕುಂತಂಗ ಆಕ್ಕೈತಿ ತಮ್ಮಾ" ಎನ್ನುತ್ತಿದ್ದಳು. ಉಬ್ಬಸ ಬಲಿಯುವುದು ಬೆಳಗಿನ ಜಾವ ನಾಲ್ಕರ ಸುಮಾರಿಗೆ ಎಂದು ಈಗಿನವರು ಅಳೆದು ಹೇಳುತ್ತಾರೆ. ಆಯಿ ಗಡಿಯಾರ ನೋಡುತ್ತಿರಲಿಲ್ಲ, ಕೋಳಿ ಕೂಗಲಿ ಎಂದು ಕಾಯುತ್ತಿದ್ದಳು.

ಬಾದಾಮಿಯ ಮೂರನೆಯ ಗುಹೆಗೆ ಹೋದಾಗಲೆಲ್ಲ ನನಗೆ ಅವಳ ನೆನಪು. ಪಡಸಾಲೆಯ ತುದಿಯಲ್ಲಿ ವಿಷ್ಣು ಆದಿಶೇಷನ ಸುರುಳಿಯ ಮೇಲೆ ಕೂತಿದ್ದಾನೆ. ಮಲಗಿಲ್ಲ, ಕೂತಿದ್ದಾನೆ. ಅಗಸ್ತ್ಯತೀರ್ಥದ ಆಚೆ ಮಗ್ಗುಲಿಗೆ, ಭೂತನಾಥ ಗುಡಿಯ ಹತ್ತಿರದ ಬಂಡೆಯಲ್ಲಿ, ಅದೇ ಹಾವಿನ ಮೇಲೆ ಅದೇ ದೇವರು ಪದ್ಧತಿಯಂತೆ ಮಲಗಿದ್ದಾನೆ. ಒಂದೇ ಕೆರೆಯ ಒಂದು ಕಡೆ ನಿದ್ದೆ, ಇನ್ನೊಂದು ಕಡೆ ಎಚ್ಚರ. ಕಲಾ ಇತಿಹಾಸದವರು ಇದಕ್ಕೆ ಏನೇ ಹೇಳಲಿ, ದಮ್ಮಿನ ಮನೆತನದಲ್ಲಿ ಹುಟ್ಟಿದವನಿಗೆ ಸಂಗತಿ ಸ್ಪಷ್ಟವಾಗಿದೆ. ಅವನ ಹಾಸಿಗೆಯನ್ನೇ ನೋಡಿ. ಹಾವು ಆಗಾಗ ಪೊರೆ ಬಿಡುವ ಪ್ರಾಣಿ, ಅಂದರೆ ಉದುರುವ ಚರ್ಮಕ್ಕೆ ಕೊರತೆಯಿಲ್ಲ. ಸುತ್ತ ಹಾಲಿನ ಕಡಲು, ತೇವಕ್ಕೂ ಕೊರತೆಯಿಲ್ಲ. ಇನ್ನು ನಿದ್ದೆಗೆ ಆರಿಸಿಕೊಂಡ ಕಾಲ ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕ ಶುದ್ಧ ಏಕಾದಶಿಯವರೆಗೆ, ಇಡೀ ಮಳೆಗಾಲ, ನುಸಿಗಳಿಗೆ ಸುಗ್ಗಿಯ ಕಾಲ. ಇಂಥ ಹಾಸಿಗೆಯ ಮೇಲೆ, ಇಂಥ ಹವೆಯಲ್ಲಿ, ನಾಲ್ಕು ತಿಂಗಳು ಮಲಗಿದವನು ಒಂದಲ್ಲ ಒಂದು ರಾತ್ರಿ ಎದ್ದು ಕೂಡಲೇಬೇಕು. ಬಾದಾಮಿಯ ಶಿಲ್ಪಿ ಆ ರಾತ್ರಿಯನ್ನು ಹಿಡಿದ. ಅಲ್ಲಿಯ ಚಾಲುಕ್ಯ ಮಂಗಲೇಶನ ಶಾಸನದ ತಿಥಿ ಶಕ 500ರ ಕಾರ್ತಿಕ ಹುಣ್ಣಿಮೆ, ಅಂದರೆ ಕ್ರಿ.ಶ. 578, ಪಂಚಾಂಗದ ಪ್ರಕಾರ ದೇವರು ಎಚ್ಚರಾಗಿ ನಾಲ್ಕು ದಿನ ಕಳೆದಿರಲಿಲ್ಲ. ಕೆತ್ತುವವರ ಮನಸ್ಸಿನಲ್ಲಿ ಸಂಗತಿ ಇನ್ನೂ ಬಿಸಿಯಾಗಿಯೇ ಇದ್ದಿರಬೇಕು. ಲಕ್ಷ್ಮಿಯನ್ನು ನಮ್ಮ ಕ್ಯಾಲೆಂಡರಿನವರು ಯಾವಾಗಲೂ ಕಾಲು ಒತ್ತಲು ಕೂಡಿಸುತ್ತಾರೆ. ಬೆನ್ನು ತಿಕ್ಕಿದ್ದರೆ ಉಪಯೋಗವಾಗುತ್ತಿತ್ತು.

ಇದನ್ನೆಲ್ಲ ಅಲ್ಲಿಯ ಗೈಡ್ ಒಬ್ಬರಿಗೆ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಸರ, ನಿಮಗ ದಮ್ಮ ಐತೇನ್ರಿ?" ಎಂದರು. ಐತಿ ಎಂದೆ. "ಹಂಗಾದ್ರ ಮೆಟ್ಟಲಾ ಸಾವಕಾಶ ಇಳೀರಿ" ಎಂದು ಮುಂದಿನ ಗುಂಪಿನ ಕಡೆ ಹೋದರು.

ಸಲಹೆಗೆ ನಮ್ಮಲ್ಲಿ ಬರವಿಲ್ಲ. ಮೃಗಶಿರಾ ಕೂಡುವ ದಿನ ಹೈದರಾಬಾದಿಗೆ ಹೋಗಿ ಜೀವಂತ ಮೀನು ನುಂಗು ಎಂದವರಿದ್ದಾರೆ. ಹೇಳಿದವರು ಶುದ್ಧ ಶಾಕಾಹಾರಿಗಳು. ಆದರೆ ಇಳಕಲ್ಲಿನ ಚಿಗವ್ವನ ಮಾತಿನ ಧಾಟಿಯೇ ಬೇರೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಮಂದಿಯ ಚಟಗಳನ್ನೇ ಭಿಕ್ಷೆಯಾಗಿ ಬೇಡಿದವರು. ಬೀಡಿ, ಸಿಗರೇಟು, ಗುಟ್ಕಾ ಎಲ್ಲ ಅದರೊಳಗೆ ಬಿದ್ದವು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯಕ್ಕೇ ವ್ಯಸನಮುಕ್ತ ದಿನ. ನಾನು ಪಂಪ್ ಬಾಯಿಗಿಡುವುದನ್ನು ನೋಡಿದ ಚಿಗವ್ವ, "ಅಜ್ಜಾರ ಇದ್ದಾಗ ಇದನ್ನೂ ಜೋಳಿಗ್ಯಾಗ ಹಾಕಿ ಬರಬೇಕಾಗಿತ್ತಪಾ, ಚಟಾ ಹತ್ತೇತಿ ನಿನಗ" ಎಂದಳು. ಪಂಪಿನಲ್ಲಿ ಬರುವ ಔಷಧ ಮೈಕ್ರೋಗ್ರಾಂ ಲೆಕ್ಕದ್ದು, ನೇರ ಉಸಿರಿನ ಕೊಳವೆಗೇ ಹೋಗುತ್ತದೆ, ಅದು ಚಟ ಹಿಡಿಸುವ ಪದಾರ್ಥವಲ್ಲ ಎಂದು ಬಿಡಿಸಿ ಹೇಳಿದೆ. "ಬೀಡಿ ಸೇದೂ ನಿಮ್ಮ ಕಾಕಾನೂ ಹಿಂಗ ಹೇಳತಿದ್ದಾ" ಎಂದಳು.

ಅದೇ ಚಿಗವ್ವನಿಗೆ ನನ್ನ ಕೌದಿ ಪ್ರೇಮ ಅರ್ಥವೇ ಆಗುವುದಿಲ್ಲ. ಇಳಕಲ್ಲಿನಲ್ಲೇ ಇದ್ದು ಅವಳ ಮನೆಯಲ್ಲಿ ಕೌದಿಯಿಲ್ಲ. ಹತ್ತಿಯ ಹಳೇ ಸೀರೆಗಳನ್ನೆಲ್ಲ ಭಾಂಡೆ ಮಾರುವವಳಿಗೆ ಹಾಕಿದ್ದಾಳೆ, ಸೀರೆ ಕೊಟ್ಟು ಸ್ಟೀಲ್ ಡಬ್ಬಿ ಎಣಿಸಿಕೊಂಡಿದ್ದಾಳೆ. ಹೊಸ ಸೀರೆಗಳು ಕೃತಕ ರೇಷ್ಮೆಯವು, ಸೂಜಿಗೆ ಸಿಗದೆ ಜಾರುತ್ತವೆ, ಹೊಲಿದರೂ ಮೈಗೆ ಹತ್ತುವುದಿಲ್ಲ. ಭಾಂಡೆಯವಳು ಒಯ್ದ ಸೀರೆಗಳು ಎಲ್ಲಿ ಹೋಗುತ್ತವೆ ಎಂದು ನನಗೆ ಬಹಳ ದಿನದ ಕುತೂಹಲವಿತ್ತು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಕಂಡೆ: ಚೌಕ ಕತ್ತರಿಸಿ, ಸೋಫಾದ ದಿಂಬಿಗೆ ಗವಸು ಮಾಡಿ, ಸೆಣಬಿನ ದಾರದಲ್ಲಿ ಚೀಟಿ ಕಟ್ಟಿದ್ದರು. ಚೀಟಿಯ ಮೇಲಿನ ಬೆಲೆಗೆ ನಮ್ಮ ಕಡೆ ಹೊಸ ಸೀರೆಯೇ ಬಂದೀತು. ಒಳಗಿನ ಒಕ್ಕಲೂ ಜೊತೆಗೇ ವಲಸೆ ಹೋಗಿರಬಹುದು. ಬೆಂಗಳೂರಿನ ತಂಪು ಹವೆ ಅವಕ್ಕೆ ಇಳಕಲ್ಲಿನ ಬಿಸಿಲಿಗಿಂತ ಹಿತ. ಆ ಬೆಲೆಯನ್ನು ಚಿಗವ್ವನಿಗೆ ಹೇಳಬಾರದಿತ್ತು, ಹೇಳಿದೆ. ಅವಳು ಬೆರಳು ಮಡಚಿ ತಾನು ಕೊಟ್ಟ ಸೀರೆಗಳನ್ನು ಎಣಿಸಿದಳು, ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಎಣಿಸಿದಳು, ಹೊರಗೆ ಬಂದು, "ಒಂದ ಡಬ್ಬಿಗೆ ಮುಚ್ಚಳಾನೂ ಕೊಟ್ಟಿಲ್ಲ ಆ ಹೆಣ್ಣಮಗಳು" ಎಂದಳು. ಆಕೆ ಮತ್ತೆ ಓಣಿಗೆ ಬರುವುದನ್ನೇ ಚಿಗವ್ವ ಈಗ ಕಾಯುತ್ತಿದ್ದಾಳೆ.