ಅಜ್ಜನ ಕತ್ತಿ, ನನ್ನ ಡಬ್ಬಿ

ನಮ್ಮಜ್ಜನಿಗೆ ಹೊನ್ನಾಳಿಯಲ್ಲಿ ಒಂದು ಸಣ್ಣ ಕಟಿಂಗ್ ಶಾಪ್ ಇತ್ತು. ಬ್ಲೇಡ್ ಬದಲಾಯಿಸೋ ರೇಜರ್ ಬಂದ ಮೇಲೂ ಅವರಪ್ಪನ ಕಾಲದ ಮಡಚುವ ಕತ್ತಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಗೋಡೆಗೂಡಿನಲ್ಲಿ ಇಟ್ಟಿದ್ದರು. ಜೇನುಬಣ್ಣದ ಹಿಡಿ, ಬೆಳಕಿಗೆ ಹಿಡಿದರೆ ಬೆರಳು ಮಸುಕಾಗಿ ಕಾಣೋದು. ನಾನು ಕಾಲೇಜಿಗೆ ಸೇರಿದಾಗ ಅದನ್ನು ನನಗೆ ಕೊಟ್ಟರು. "ಹಾಳು ಮಾಡ್ಬೇಡ ಕಣಪ್ಪ" ಅಂದರು, ಅಷ್ಟೇ.

ನಾನು ತುಂಬಾ ಜಾಣ. ಧೂಳು, ತೇವ ಏನೂ ತಾಗಬಾರದು ಅಂತ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಹಾಸ್ಟೆಲ್ ಕಪಾಟಿನಲ್ಲಿಟ್ಟೆ. ಒಂದು ವರ್ಷದ ಮೇಲೆ ತೆಗೆದರೆ ಮೂಗಿಗೆ ಹೊಡೆಯೋ ಘಾಟು. ಹಿಡಿಯ ತುಂಬ ಬಲೆಯಂಥ ಬಿರುಕು. ಮಡಚಿದಾಗ ಹಿಡಿಯ ಒಳಗೆ ಇರುವ ಭಾಗದಲ್ಲೇ ಅಲಗು ತುಕ್ಕು ಹಿಡಿದಿತ್ತು.

ಆಮೇಲೆ ಓದಿದೆ. ಆ ಹಿಡಿ ಸೆಲ್ಯುಲಾಯ್ಡ್. 1870ರಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಟ್ ಪೇಟೆಂಟ್ ಪಡೆದ, ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ ಮಾಡುವ ಪ್ಲಾಸ್ಟಿಕ್. ವರ್ಷ ಕಳೆದಂತೆ ಕರ್ಪೂರ ಸ್ವಲ್ಪಸ್ವಲ್ಪವೇ ಹಾರಿಹೋಗಿ ಹಿಡಿ ಕುಗ್ಗುತ್ತೆ, ಬಿರಿಯುತ್ತೆ. ಜೊತೆಗೆ ನೈಟ್ರೋಸೆಲ್ಯುಲೋಸ್ ಒಡೆದು ನೈಟ್ರೋಜನ್ ಆಕ್ಸೈಡ್‌ಗಳು ಹೊರಬರುತ್ತವೆ. ತೇವ ಸೇರಿದರೆ ಅದೇ ನೈಟ್ರಿಕ್ ಆಸಿಡ್. ಆ ಆಸಿಡ್ ಹಿಡಿಯನ್ನು ಇನ್ನೂ ಬೇಗ ಒಡೆಯುತ್ತೆ, ಪಕ್ಕದ ಉಕ್ಕನ್ನೂ ತಿನ್ನುತ್ತೆ. ಅಜ್ಜನ ಗೂಡಿನಲ್ಲಿ ಆ ಅನಿಲ ಗಾಳಿಗೆ ಹೋಗ್ತಿತ್ತು. ನನ್ನ ಡಬ್ಬಿಯಲ್ಲಿ ಅಲ್ಲೇ ಉಳೀತು. ಆಟೋಕ್ಯಾಟಲಿಸಿಸ್ ಡೆಫಿನಿಷನ್ ಬರೆದು ಕೆಮಿಸ್ಟ್ರಿಯಲ್ಲಿ ಮಾರ್ಕ್ಸ್ ತಗೊಂಡವನು ನಾನೇ!

ದಸರಾ ರಜೆಯಲ್ಲಿ ಊರಿಗೆ ಹೋಗಿ ಅಜ್ಜನಿಗೆ ಎಲ್ಲ ಹೇಳಿದೆ.

"ಕರ್ಪೂರ ಅಂತೀಯ. ಕರ್ಪೂರನ ಮುಚ್ಚೇ ಇಡ್ತೀವಲ್ಲೋ?" ಅಂದರು.

ಪ್ರಶ್ನೆ ಸರಿಯಾಗೇ ಇತ್ತು. "ಮುಚ್ಚಿಟ್ರೆ ಕರ್ಪೂರ ಉಳಿಯುತ್ತೆ ಅಜ್ಜ, ಆದ್ರೆ ಆಸಿಡ್ಡೂ ಉಳಿಯುತ್ತೆ" ಅಂದೆ.

ಬೈತಾರೆ ಅಂದುಕೊಂಡಿದ್ದೆ. ಅವರು ಹಿತ್ತಾಳೆ ಮೊಳೆ ಬಿಡಿಸಿ ಅಲಗನ್ನು ಬೇರೆ ಮಾಡಿದರು. ತುಕ್ಕು ಉಜ್ಜಿ ಎಣ್ಣೆ ಸವರಿದರು. ತುಕ್ಕು ತಿಂದ ಕಡೆ ಸಣ್ಣ ಗುಳಿಗಳು ಉಳಿದವು. ಅವುಗಳ ಮೇಲೆ ಸ್ವಲ್ಪ ಹೊತ್ತು ಹೆಬ್ಬೆರಳು ಆಡಿಸಿ, "ನಮ್ಮಪ್ಪ ಇದ್ರಲ್ಲೇ ನಂಗೆ ಕೆಲ್ಸ ಕಲಿಸಿದ್ದು" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಮುಂದಿನ ರಜೆಯಲ್ಲಿ ಇಬ್ಬರೂ ಸೇರಿ ಮರದ ಹಿಡಿ ಮಾಡ್ತೀವಿ. ಸೆಲ್ಯುಲಾಯ್ಡ್‌ಗೆ ಬೇಗ ಬೆಂಕಿ ಹತ್ತುತ್ತೆ ಅಂತ ಹಳೇ ಹಿಡಿಯನ್ನು ಒಲೆಯಿಂದ ದೂರ, ತೆರೆದ ತಟ್ಟೆಯಲ್ಲಿಟ್ಟಿದ್ದೀವಿ.

ನಿಮ್ಮ ಮನೆಯಲ್ಲೂ ಅಜ್ಜಿಯ ಬಾಚಣಿಗೆ, ತಾತನ ಪೆನ್ನು, ಹಳೇ ಕನ್ನಡಕದ ಫ್ರೇಮ್ ಇರಬಹುದು. ತಂಪಾದ, ಒಣ ಜಾಗದಲ್ಲಿ, ಗಾಳಿಯಾಡೋ ಹಾಗೆ ಇಡಿ. ಆಗಾಗ ಮೂಸಿ ನೋಡಿ. ಘಾಟು ಬಂದರೆ ಉಕ್ಕಿನಿಂದ, ಬೇರೆ ಸಾಮಾನಿನಿಂದ ದೂರ ಇಡಿ. ನನ್ನ ಹಾಗೆ ಡಬ್ಬಿಗೆ ಮಾತ್ರ ಹಾಕಬೇಡಿ.